ಹೆರಿಗೆಗೆ ಎಷ್ಟು ಶರ್ಟು?

ನನ್ನ ತಮ್ಮ ಟೈಲರ್. ಅವನ ಬಾಯಲ್ಲಿ ದುಡ್ಡಿನ ಲೆಕ್ಕ ಬರುವುದೇ ಇಲ್ಲ, ಎಲ್ಲವೂ ಶರ್ಟಿನ ಲೆಕ್ಕ. ಮನೆ ಬಾಡಿಗೆ ಮೂವತ್ತು ಶರ್ಟು, ಕರೆಂಟು ಬಿಲ್ಲು ನಾಲ್ಕು ಶರ್ಟು. ಅವನ ಅಂಗಡಿಯ ಕಿಟಕಿ ಪಕ್ಕ ಕೂತು ಕಾಜಾ ಹೊಲಿಯುವವಳು, ಗುಂಡಿ ಹಚ್ಚುವವಳು ನಾನು. ಹಾಗಾಗಿ ಬೀದಿಯವರಿಗೆಲ್ಲ ಕಾಜಾ ಅಕ್ಕ. ಅಂಗಡಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ.

ತಮ್ಮನ ಹೆಂಡತಿ ಎರಡನೇ ಸಲ ಬಸುರಿ. ಒಂದು ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ನಿಂತು, "ಈ ಸಲ ನಾನು ಮನೇಲೇ ಹೆರ್ತೀನಿ" ಅಂದಳು.

ಸೂಜಿ ನನ್ನ ಬೆರಳಿಗೇ ಚುಚ್ಚಿತು. "ಏನಂದೆ? ತಲೆ ನೆಟ್ಟಗಿದೆಯಾ ನಿಂಗೆ?"

"ನೆಟ್ಟಗೇ ಇದೆ ಅಕ್ಕ. ಹೋದ ಸಲ ಆಸ್ಪತ್ರೇಲಿ ಒಬ್ಬಳೇ ಬಿದ್ದಿದ್ದೆ. ಯಾರಾದ್ರೂ ಕೈ ಹಿಡ್ಕೊಳ್ಳಿ ಅಂತ ಅತ್ರೆ ಸುಮ್ನಿರು ಅಂತ ಗದರಿದ್ರು. ನೀವು ಹೊರಗೆ, ಇವರು ಗೇಟಲ್ಲಿ. ಇನ್ನೊಂದು ಸಲ ನನ್ ಕೈಲಾಗಲ್ಲ."

ತಮ್ಮನ ಮುಖ ಅರಳಿತು. "ಸರಿ ಬಿಡು! ಪ್ರೈವೇಟ್ ಆಸ್ಪತ್ರೆ ಅಂದ್ರೆ ಮುನ್ನೂರು ಶರ್ಟು. ಮನೇಲಾದ್ರೆ ನರ್ಸಮ್ಮಂಗೆ ನಲವತ್ತು ಶರ್ಟು ಕೊಟ್ರೆ ಮುಗೀತು."

"ಹೆಂಡ್ತಿ ಹೆರಿಗೇಲೂ ಚೌಕಾಸಿ ಮಾಡ್ತೀಯಲ್ಲೋ, ನಾಚ್ಕೆ ಆಗಲ್ವಾ?" ಎಂದು ರೇಗಿದೆ. ಇವನು ಹುಟ್ಟಿದ್ದು ಮನೆಯಲ್ಲೇ. ಅವತ್ತೇ ನಮ್ಮಮ್ಮ ರಕ್ತ ನಿಲ್ಲದೆ ತೀರಿಹೋದಳು. ಬಾಗಿಲ ಹೊರಗೆ ನಿಂತಿದ್ದವಳು ನಾನು. ಆದರೆ ಬಸುರಿಯ ಮುಂದೆ ಅದನ್ನೆಲ್ಲ ಎತ್ತಬಾರದು ಅಂತ ಮತ್ತೆ ಗುಂಡಿ ಹಚ್ಚತೊಡಗಿದೆ.

ನರ್ಸಮ್ಮ ಅಂದರೆ ಹೆರಿಗೆ ಮಾಡಿಸುವುದನ್ನೇ ಕಲಿತು ಪರವಾನಗಿ ಪಡೆದವರು. ಮೂಲೆಮನೆಯವರು, ನಮ್ಮ ಗಿರಾಕಿ. ಮರುದಿನ ಅವರು ಯೂನಿಫಾರ್ಮು ಸಡಿಲ ಮಾಡಿಸಲು ಬಂದಾಗ ಕೂರಿಸಿಕೊಂಡು ಕೇಳಿದೆವು.

"ದುಡ್ಡಿನ ಮಾತು ಆಮೇಲೆ. ಮೊದ್ಲು ಮೈ ಸರಿಯಿದೆಯಾ ನೋಡ್ಬೇಕು" ಅಂದರು ನರ್ಸಮ್ಮ. "ಬಿಪಿ, ಸಕ್ಕರೆ ಇದ್ರೆ, ರಕ್ತ ಕಮ್ಮಿ ಇದ್ರೆ, ಅವಳಿ ಆದ್ರೆ, ಮಗು ಅಡ್ಡ ತಿರುಗಿದ್ರೆ, ಹಿಂದೆ ಆಪರೇಷನ್ ಆಗಿದ್ರೆ, ನೀವು ಚಿನ್ನ ಸುರಿದ್ರೂ ನಾನು ಮನೆಗೆ ಬರಲ್ಲ. ಡಾಕ್ಟರು ನೋಡಿ ಹೂಂ ಅನ್ಬೇಕು."

ಡಾಕ್ಟರು ನೋಡಿದರು, ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಆಯಿತು. ಎಲ್ಲ ಸರಿಯಾಗಿಯೇ ಇತ್ತು. ಹೆರಿಗೆ ಹೊತ್ತಲ್ಲಿ ಜೊತೆಗೊಬ್ಬರನ್ನು ಬಿಡುತ್ತೀರಾ ಅಂತ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದೆವು. ಜೊತೆಯವರಿಗೆ ವಾರ್ಡಿನಲ್ಲಿ ಜಾಗವಿಲ್ಲ ಅಂದರು. ಆದರೂ ತುರ್ತಿಗೆ ಇರಲಿ ಅಂತ ನರ್ಸಮ್ಮ ಹೇಳಿದಂತೆ ಹೆಸರು ನೋಂದಾಯಿಸಿಯೇ ಬಂದೆವು.

ಆಮೇಲೆ, ನರ್ಸಮ್ಮ ಯೂನಿಫಾರ್ಮು ಕೇಳಲು ಬಂದ ದಿನ, ಅವರ ಜೊತೆ ಲೆಕ್ಕಕ್ಕೆ ಕೂತೆವು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ದುಡ್ಡಿಲ್ಲ, ಆದರೆ ಓಡಾಟ, ಜೊತೆಗಿದ್ದವರ ಊಟ, ಅಂಗಡಿ ಮುಚ್ಚಿದ ನಷ್ಟ ಸೇರಿದರೆ ಇಪ್ಪತ್ತು ಶರ್ಟು. ಪ್ರೈವೇಟಿನಲ್ಲಿ ಮುನ್ನೂರು, ಆಪರೇಷನ್ ಆದರೆ ಇನ್ನೂ ಮೇಲೆ. ಮನೆಯಲ್ಲಾದರೆ ನರ್ಸಮ್ಮನಿಗೂ ಅವರ ಸಹಾಯಕಿಗೂ ನಲವತ್ತು, ಔಷಧಿಗೆ ಐದು, ನೋವು ಶುರುವಾದಾಗಿನಿಂದ ಬಾಗಿಲಲ್ಲಿ ನಿಲ್ಲುವ ಕಾರಿಗೆ ಹನ್ನೆರಡು. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅಂತ ಎತ್ತಿಟ್ಟ ದುಡ್ಡು ಬೇರೆ.

"ಅಯ್ಯೋ, ಮನೆ ಅಗ್ಗ ಅಂದ್ಕೊಂಡಿದ್ನಲ್ಲ!" ತಮ್ಮ ತಲೆ ಕೆರೆದುಕೊಂಡ. "ಹೋಗ್ಲಿ, ಕಾರು ಬೇಡ. ಸುಮ್ನೆ ನಿಲ್ಲೋಕೆ ಹನ್ನೆರಡು ಶರ್ಟಾ? ಬೇಕಾದಾಗ ಕರೆದ್ರಾಯ್ತು."

ನರ್ಸಮ್ಮ ಮೇಜಿನ ಮೇಲೆ ಇನ್ನೂ ಹಾಗೇ ಬಿದ್ದಿದ್ದ ಯೂನಿಫಾರ್ಮನ್ನು ಎತ್ತಿ ಒಳಮೈ ತಿರುಗಿಸಿದರು. ಪಕ್ಕದ ಹೊಲಿಗೆಯೊಳಗೆ ಎರಡು ಬೆರಳಗಲ ಬಟ್ಟೆ ಮಡಚಿಕೊಂಡಿತ್ತು.

"ಇದನ್ನ ಯಾಕಪ್ಪ ಬಿಟ್ಟಿದ್ದೀಯ? ಯಾರಿಗೂ ಕಾಣಲ್ಲ. ಸುಮ್ನೆ ದಂಡ ಅಲ್ವಾ?"

"ದಂಡಾನಾ?" ತಮ್ಮನಿಗೆ ರೋಷ ಬಂತು. "ಅದಿದ್ದಿದ್ದಕ್ಕೇ ಇವತ್ತು ನಿಮ್ಗೆ ಸಡಿಲ ಮಾಡಿಕೊಡೋಕಾಗ್ತಿರೋದು. ಉಳಿಸ್ತೀನಿ ಅಂತ ಹೊಲಿಗೆ ಪಕ್ಕಕ್ಕೇ ಕತ್ತರಿಸಿದ್ರೆ, ಬಿಗಿಯಾದ ದಿನ ದೇವರು ಬಂದ್ರೂ ಬಿಡಿಸೋಕಾಗಲ್ಲ. ಒಳಗೆ ಬಟ್ಟೆ ಬಿಡದೋನು ಟೈಲರ್ರೇ ಅಲ್ಲ."

ಹೇಳುತ್ತ ಹೇಳುತ್ತಲೇ ಅವನ ದನಿ ಇಳಿಯಿತು. ಹೆಂಡತಿಯ ಮುಖ ನೋಡಿದ. "ಕಾರು ಇರ್ಲಿ" ಅಂದ.

ನಾನು ಆಗ ಬಾಯಿ ಬಿಟ್ಟೆ. "ಎಲ್ಲಾ ಸರಿ. ರಕ್ತ ನಿಲ್ಲದೇ ಹೋದ್ರೆ?"

ನರ್ಸಮ್ಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೂತರು. "ಮುಚ್ಚಿಡಲ್ಲ ಅಕ್ಕ. ಆಸ್ಪತ್ರೇಲಿ ಡಾಕ್ಟರು, ರಕ್ತ ಎಲ್ಲ ಅಲ್ಲೇ ಇರುತ್ತೆ. ಮನೇಲಿ ಇರಲ್ಲ. ನನ್ನ ಹತ್ರ ರಕ್ತ ನಿಲ್ಲಿಸೋ ಇಂಜೆಕ್ಷನ್ ಇರುತ್ತೆ, ಮಗೂಗೆ ಉಸಿರು ಕೊಡೋ ಚೀಲ ಇರುತ್ತೆ, ಬಾಗಿಲಲ್ಲಿ ಗಾಡಿ ಇರುತ್ತೆ. ನಾನು ಹೊರಡಿ ಅಂದ ತಕ್ಷಣ ಹೊರಡಬೇಕು. ಎದುರು ಮಾತು ಇರಬಾರದು. ಒಪ್ತೀರಾ?"

"ನೀವು ಬಾಯಿ ತೆರೆಯೋದೇ ತಡ, ನಾನೇ ಹೊತ್ಕೊಂಡು ಹೋಗ್ತೀನಿ" ಅಂದೆ. ತಮ್ಮನ ಹೆಂಡತಿ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು ಆವತ್ತೇ.

ನೋವು ಶುರುವಾದದ್ದು ಬೆಳಗಿನ ತಿಂಡಿ ಹೊತ್ತಿಗೆ. ಅಂಗಡಿಗೆ ಬಾಗಿಲು ಹಾಕಿ ನರ್ಸಮ್ಮನನ್ನೂ ಸಹಾಯಕಿಯನ್ನೂ ಕರೆಸಿದೆವು. ಕಾರು ಬಂದು ನಿಂತಿತು. ನಮ್ಮಮ್ಮನ ಹೆರಿಗೆ ವೇಳೆ ಬಾಗಿಲ ಹೊರಗಿದ್ದವಳು ಈ ಸಲ ಒಳಗಿದ್ದೆ. ತಮ್ಮನ ಹೆಂಡತಿ ನನ್ನ ಕೈಯನ್ನು ಹಿಂಡಿ ಹಿಪ್ಪೆ ಮಾಡಿದಳು. ಮಾಡಲಿ ಬಿಡಿ, ಅದಕ್ಕೇ ತಾನೇ ಕೈ ಕೊಟ್ಟಿದ್ದು.

ಮಧ್ಯಾಹ್ನದ ಬಿಸಿಲಲ್ಲಿ ಹೆಣ್ಣುಮಗು ಹುಟ್ಟಿತು, ಹುಟ್ಟುತ್ತಲೇ ಬೀದಿ ಕೇಳುವಂತೆ ಕಿರುಚಿತು. ನಾವು ನಗುತ್ತಿರುವಾಗಲೇ ನರ್ಸಮ್ಮನ ಮುಖ ಬಿಗಿಯಾಯಿತು. ರಕ್ತ ಸ್ವಲ್ಪ ಜಾಸ್ತಿ ಹೋಗುತ್ತಿತ್ತು.

"ಕಾರು ಸ್ಟಾರ್ಟ್ ಮಾಡೋಕೆ ಹೇಳಿ" ಅಂದರು. ಇಂಜೆಕ್ಷನ್ ಕೊಟ್ಟು ಹೊಟ್ಟೆ ಒತ್ತಿ ಉಜ್ಜತೊಡಗಿದರು. ಹೊರಗೆ ಇಂಜಿನ್ ಗುರ್ ಎಂದಿತು. ಅಮ್ಮನಿಗಾಗಿ ಅವತ್ತು ಯಾವ ಇಂಜಿನ್ನೂ ಸದ್ದು ಮಾಡಿರಲಿಲ್ಲ.

ರಕ್ತ ಇಳಿಯಿತು. ನಿಂತಿತು. ನರ್ಸಮ್ಮ ನಾಡಿ ಹಿಡಿದೇ ತುಂಬ ಹೊತ್ತು ಕೂತಿದ್ದು, ಆಮೇಲೆ "ಇನ್ನು ಪರವಾಗಿಲ್ಲ" ಅಂದರು. ನಾನು ನಾಚಿಕೆ ಬಿಟ್ಟು ಗೊಳೋ ಎಂದು ಅತ್ತೆ.

ಸಂಜೆ ಹೊರಡುವಾಗ ಡ್ರೈವರ್ ಮುಜುಗರಪಟ್ಟುಕೊಂಡ. "ಗಾಡಿ ಒಂದಡಿನೂ ಓಡಿಲ್ಲ ಅಣ್ಣ. ಅರ್ಧ ಕೊಡಿ ಸಾಕು."

ನಮ್ಮ ಜಿಪುಣ ಹನ್ನೆರಡು ಶರ್ಟನ್ನೂ ಎಣಿಸಿ ಅವನ ಜೇಬಿಗೆ ತುರುಕಿದ. "ಇಟ್ಕೋ. ಇದು ಒಳಗೆ ಮಡಚಿಟ್ಟ ಬಟ್ಟೆ" ಅಂದ. ಡ್ರೈವರಿಗೆ ತಲೆಬುಡ ತಿಳಿಯಲಿಲ್ಲ.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಸುರಿ ಇದ್ದಾಳೆಯೇ? ಎಲ್ಲಿ ಹೆರಬೇಕು ಅಂತ ಅವಳನ್ನೂ ಕೇಳಿ, ಡಾಕ್ಟರನ್ನೂ ಕೇಳಿ. ಡಾಕ್ಟರು ಬೇಡ ಅಂದರೆ ಮನೆಯ ಮಾತು ಬಿಟ್ಟುಬಿಡಿ, ಆಸ್ಪತ್ರೆಗೇ ಹೋಗಿ. ಅಗ್ಗ ಅಂತ ಮಾತ್ರ ಮನೆ ಆರಿಸಬೇಡಿ, ಕಲಿತ ಕೈಯಿಲ್ಲದೆ ಹೆರಿಗೆ ಮಾಡಿಸಬೇಡಿ. ಎಲ್ಲೇ ಹೆರಲಿ, ಬೇಕಾಗದೆಯೂ ಹೋಗಬಹುದಾದ ಆ ಖರ್ಚನ್ನು ಲೆಕ್ಕದಲ್ಲಿ ಹಿಡಿಯಿರಿ. ಮತ್ತೆ ಅವಳ ಕೈ ಹಿಡಿದುಕೊಳ್ಳಲು ಯಾರಿರುತ್ತಾರೆ ಅಂತ ಇವತ್ತೇ ಗೊತ್ತು ಮಾಡಿಕೊಳ್ಳಿ. ಅದಕ್ಕೆ ಒಂದು ಶರ್ಟಿನ ಖರ್ಚೂ ಇಲ್ಲ.