ಹಂಪ್ ಹತ್ತಿರ ಇಳಿಯುವವಳು

"ಕೈ ಬಿಡಬೇಡಿ, ಎಲ್ರೂ ಒಟ್ಟಿಗೆ ತಳ್ಳಿ!" ಎಂದು ಮೆಕ್ಯಾನಿಕ್ ಕೂಗಿದ.

ನಾಲ್ಕು ಜನ ಗಂಡಸರು ಕೆಂಪು ಕಾರಿನ ಬೆನ್ನಿಗೆ ಕೈ ಒತ್ತಿದರು. ಎರಡೇ ಬಾಗಿಲಿನ ಆ ಕಾರು ಎಷ್ಟು ತಗ್ಗಾಗಿತ್ತೆಂದರೆ, ಸೊಂಟ ಬಗ್ಗಿಸಿದ ಅವರೆಲ್ಲ ನೆಲದಲ್ಲಿ ಏನೋ ಹುಡುಕುತ್ತಿದ್ದಂತೆ ಕಾಣುತ್ತಿತ್ತು. ಒಳಗೆ ಸ್ಟಿಯರಿಂಗ್ ಹಿಡಿದು ಕೂತವಳು ಸತ್ತವನ ಮಗಳು. ಗೇಟಿನ ಮುಂದಿನಿಂದ ಕಾರು ಸರಿಯದ ಹೊರತು ಶವದ ವ್ಯಾನ್ ಮನೆಯ ಹತ್ತಿರ ಬರುವಂತಿರಲಿಲ್ಲ.

ಕಾರು ಸರಿಯಿತು. ಅದು ನಿಂತಿದ್ದ ಜಾಗದಲ್ಲಿ ತಟ್ಟೆಯಗಲದ ಕಪ್ಪು ಎಣ್ಣೆಯ ಕಲೆ ಉಳಿಯಿತು.

"ಅವತ್ತೂ ದಾರಿಗೆ ಅಡ್ಡ, ಇವತ್ತೂ ಅಡ್ಡ," ಎಂದಳು ಸತ್ತವನ ಅಕ್ಕ, ಬಾಗಿಲಲ್ಲಿ ನಿಂತು. "ಕಾರಿಗೆ ಹೇಳಿದ್ದಮ್ಮ, ನನ್ನ ತಮ್ಮನಿಗಲ್ಲ."

ಯಾರೂ ನಗಲಿಲ್ಲ. ಮುಂದಿನ ಕೋಣೆಯಲ್ಲಿ ಬಿಳಿ ಹೊದಿಕೆಯ ಪಕ್ಕ ಹೆಂಡತಿ ಕೂತಿದ್ದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಹೊದಿಕೆಯ ಅಂಚಿನ ಒಂದು ನೂಲನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಇಷ್ಟೇ ಮಾಡುತ್ತಿದ್ದಳು.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಾಗಿಲ ಬಳಿ ಬಂದ.

"ಏನಾಗಿತ್ತಪ್ಪಾ ಅದಕ್ಕೆ?" ಅಕ್ಕ ಕೇಳಿದಳು.

"ಚೇಂಬರ್ ಒಡೆದಿದೆ ದೊಡ್ಡಮ್ಮ. ಇಂಜಿನ್ ಕೆಳಗೆ ಎಣ್ಣೆ ನಿಲ್ಲೋ ತೊಟ್ಟಿ. ಬೀದಿ ತುದಿ ಹಂಪ್‌ಗೆ ಬಡಿದಿದೆ."

"ಒಂಬತ್ತು ವರ್ಷದಿಂದ ಬಡೀದೇ ಇದ್ದದ್ದು ನಿನ್ನೇನೇ ಬಡೀಬೇಕಿತ್ತಾ?" ಅವಳು ಒಳಗೆ ತಿರುಗಿದಳು. "ಏನಮ್ಮಾ, ಹಂಪ್ ಹತ್ತಿರ ನೀನು ಇಳಿದಿದ್ದೆ ತಾನೇ?"

ನೂಲು ಬೆರಳಿನ ಮೇಲೆ ನಿಂತಿತು.

"ಇಳಿದಿದ್ದೆ ಅತ್ತಿಗೆ."

ಮೆಕ್ಯಾನಿಕ್ ಅವಳನ್ನೊಮ್ಮೆ ನೋಡಿದ. ನಿನ್ನೆ ರಾತ್ರಿ ಮುಖ್ಯರಸ್ತೆಯಿಂದ ಕಾರನ್ನು ಎಳೆದು ತಂದಿದ್ದ ಅವನು, ಬೆಳಿಗ್ಗೆ ಅದರ ಕೆಳಗೆ ಮಲಗಿ ನೋಡಿದ್ದ. ಒಬ್ಬರೇ ಕೂತಿದ್ದರೆ ಹಂಪ್ ಮೇಲೆ ಎರಡು ಬೆರಳು ಸಂದು ಉಳಿಯುತ್ತದೆ. ಇಬ್ಬರು ಕೂತರೆ ಉಳಿಯುವುದಿಲ್ಲ.

"ಸ್ಪ್ರಿಂಗ್ ಸತ್ವ ಹೋಗಿತ್ತು ದೊಡ್ಡಮ್ಮ," ಎಂದ. "ಗಾಡಿ ತಾನಾಗೇ ಕುಸಿದಿದೆ."

ಹೆಂಡತಿ ತಲೆಯೆತ್ತಿದಳು. ಹೋದ ತಿಂಗಳಷ್ಟೇ ಅವನು ಹೊಸ ಸ್ಪ್ರಿಂಗ್ ಹಾಕಿದ್ದ.

"ಹಾಗಾದ್ರೆ ಅದನ್ನ ನೋಡ್ಕೋಬೇಕಾದೋನು ಯಾರು?" ಅಕ್ಕನ ದನಿ ಏರಿತು. "ನೀನೇ ಅಲ್ವಾ? ದಾರೀಲಿ ಗಾಡಿ ನಿಲ್ಲದೇ ಇದ್ದಿದ್ರೆ ನನ್ನ ತಮ್ಮ ಆಸ್ಪತ್ರೆ ಸೇರ್ತಿದ್ದ!"

ಕೋಣೆಯಲ್ಲಿದ್ದವರೆಲ್ಲ ಅವನ ಕಡೆ ನೋಡಿದರು. ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ.

"ಹೌದು ದೊಡ್ಡಮ್ಮ."

ಹೆಂಡತಿ ನೂಲನ್ನು ಮತ್ತೆ ಬೆರಳಿಗೆ ಸುತ್ತತೊಡಗಿದಳು.

*

ಸತ್ತವನು ಹಲ್ಲಿನ ಸೆಟ್ ಮಾಡುವವನಾಗಿದ್ದ. ಒಂದು ಕಿಟಕಿಯ ಕೋಣೆಯಲ್ಲಿ ಕೂತು, ಮುಖ ನೋಡದ ಜನರ ಬಾಯಿಗೆ ಹಲ್ಲು ಜೋಡಿಸುತ್ತಿದ್ದ. ಐವತ್ತು ದಾಟಿದ ಮೇಲೆ ಒಂದು ದಿನ, ಹೆಂಡತಿಗೆ ಹೇಳದೆ, ಇಬ್ಬರು ಓಡಿಸಿ ಬಿಟ್ಟಿದ್ದ ಈ ಕಾರನ್ನು ತಂದು ಗೇಟಿನ ಮುಂದೆ ನಿಲ್ಲಿಸಿದ.

"ಮೂರು ಜನ ಇದ್ದೀವಿ, ಇದರಲ್ಲಿ ಎಲ್ಲಿ ಕೂರೋದು?"

"ಹಿಂದೆನೂ ಒಂದು ಸೀಟಿದೆ ಕಣೇ."

ಹಿಂದಿನ ಸೀಟಿನಲ್ಲಿ ಮಗಳು ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಕೂತಳು. ಎರಡನೆಯ ಸಲ ಹತ್ತಲಿಲ್ಲ.

ಭಾನುವಾರ ಅವನು ಕೆಲಸದ ಕೋಣೆಯ ಸಣ್ಣ ಬ್ರಷ್‌ಗಳನ್ನು ತಂದು ಚಕ್ರದ ಕಡ್ಡಿಗಳ ಸಂದನ್ನು ಉಜ್ಜುತ್ತಿದ್ದ. ಹಲ್ಲಿಗೆ ಹೊಳಪು ಕೊಡುವ ಪುಡಿಯಿಂದಲೇ ದೀಪಗಳಿಗೂ ಹೊಳಪು ಕೊಡುತ್ತಿದ್ದ. ಮಳೆ ಬಂದರೆ ಹೆಂಡತಿಯ ಕಾಲ ಬಳಿ ನೀರು ಸೋರುತ್ತಿತ್ತು. ಆ ಸೀಟಿನಿಂದ ಏಳಬೇಕಾದರೆ ಅವಳು ಮೊದಲು ಎರಡೂ ಕಾಲು ಹೊರಗಿಟ್ಟು, ಬಾಗಿಲು ಹಿಡಿದು, ಬಾವಿಯಿಂದ ಮೇಲೆ ಬರುವವಳಂತೆ ಬರಬೇಕಿತ್ತು.

ಬೀದಿಯ ತುದಿಯಲ್ಲಿತ್ತು ಆ ಹಂಪ್.

"ಇಳಿಯೇ."

"ನಾನೇನು ಮೂಟೆನಾ?"

"ಮೂಟೆ ಆಗಿದ್ರೆ ಡಿಕ್ಕೀಲಿ ಹಾಕ್ತಿದ್ದೆ. ಇಳಿ ಇಳಿ, ಹಿಂದೆ ಗಾಡಿ ಬಂತು."

ಅವಳು ಇಳಿದು, ಹಂಪ್ ದಾಟಿ, ಮೊಣಕಾಲ ಮೇಲೆ ಒಂದು ಕೈ ಊರಿ ಬಗ್ಗಿ ಕಾರಿನ ಅಡಿ ನೋಡುತ್ತಿದ್ದಳು. ಇನ್ನೊಂದು ಕೈಯಿಂದ ಬನ್ನಿ, ಬನ್ನಿ ಎನ್ನುತ್ತಿದ್ದಳು. ಕಾರು ಆಮೆಯಂತೆ ಏರಿ ಇಳಿಯುತ್ತಿತ್ತು. ಬೀದಿಯ ಮಕ್ಕಳಿಗೆ ಅದು ದಿನದ ಆಟವಾಗಿತ್ತು. ಅವಳಿಗೆ ಅದು ದಿನದ ಅವಮಾನ.

ಒಮ್ಮೆ ಮಾತ್ರ, ನದಿಯ ಪಕ್ಕದ ನೇರ ರಸ್ತೆಯಲ್ಲಿ ಅವನು ಕಾರನ್ನು ಅದರ ವೇಗಕ್ಕೆ ಬಿಟ್ಟ. ಅವಳ ಬೆನ್ನು ಸೀಟಿಗೆ ಅಂಟಿತು. ಬೈಯಲು ಹೋದವಳು ನಕ್ಕುಬಿಟ್ಟಳು, ಕಣ್ಣಲ್ಲಿ ನೀರು ಬರುವಷ್ಟು. ಅವನು ರಸ್ತೆ ಬಿಟ್ಟು ಅವಳ ಬಾಯನ್ನೇ ನೋಡಿದ.

"ನಿನ್ನ ಆ ಪಕ್ಕದ ಹಲ್ಲು ಸೊಟ್ಟ ಇದೆ ಕಣೇ," ಎಂದ. "ಈಗ ಗೊತ್ತಾಯ್ತು."

*

ವ್ಯಾನ್ ಗೇಟಿಗೆ ಬಂತು. ಸ್ಟ್ರೆಚರ್ ಎತ್ತಲು ನಾಲ್ವರು ಬಗ್ಗಿದಾಗ ಮೆಕ್ಯಾನಿಕ್ ಕೂಡ ಒಂದು ಹಿಡಿಗೆ ಕೈ ಹಾಕಿದ.

"ನೀನು ಬೇಡ," ಎಂದಳು ಅಕ್ಕ.

ಅವನು ಕೈ ತೆಗೆದು ಗೋಡೆಗೆ ಸರಿದ. ಆ ಜಾಗಕ್ಕೆ ಬೇರೆ ಯಾರೋ ಬಂದರು.

*

ನಿನ್ನೆ ಬೆಳಿಗ್ಗೆ ಗಂಡ ಎದೆ ಹಿಡಿದುಕೊಂಡೇ ಕಾರಿನ ಕೀ ತೆಗೆದುಕೊಂಡಿದ್ದ. ಆಂಬುಲೆನ್ಸ್‌ಗೆ ಫೋನ್ ಮಾಡುತ್ತೇನೆಂದು ಅವಳು ಹೇಳಿದರೆ, "ಅದು ಬರೋಷ್ಟರಲ್ಲಿ ಕೆಂಪಿ ಆಸ್ಪತ್ರೆ ಮುಂದೆ ಇರ್ತಾಳೆ," ಎಂದ, ಕಾರಿಗೆ ತಾನಿಟ್ಟ ಹೆಸರು ಹೇಳಿ.

ಹಂಪ್ ಬಂತು. ಅವನ ಕುತ್ತಿಗೆಯ ತುಂಬ ಬೆವರು.

"ಇಳಿಯೇ."

"ಇವತ್ತು ಇಳಿಯಲ್ಲ. ನಡೀರಿ."

ತಡವಾಗಬಾರದೆಂದೇ ಹಾಗೆ ಹೇಳಿದ್ದಳು. ಆದರೆ ಒಂಬತ್ತು ವರ್ಷದಿಂದ ಹೇಳಬೇಕೆಂದಿದ್ದ ಮಾತೂ ಅದೇ ಆಗಿತ್ತು. ಬಾಯಿಂದ ಬಂದಾಗ ಒಂದು ಗಳಿಗೆ ಹಾಯೆನಿಸಿತ್ತು.

ಕೆಳಗೆ ಏನೋ ಸೀಳಿದ ಸದ್ದು. ಕಾರು ಮುಖ್ಯರಸ್ತೆ ಸೇರಿತು. ಸ್ವಲ್ಪ ದೂರದಲ್ಲಿ, ಸ್ಟಿಯರಿಂಗ್ ಹಿಂದೆ ಎಣ್ಣೆಯ ಕೆಂಪು ದೀಪ ಹತ್ತಿದ್ದೇ ಅವನು ಪಕ್ಕಕ್ಕೆ ನಿಲ್ಲಿಸಿ, ಕೀ ತಿರುಗಿಸಿ ಇಂಜಿನ್ ಆರಿಸಿದ.

"ಯಾಕ್ರೀ ನಿಲ್ಸಿದ್ರಿ? ಹೋಗ್ರೀ!"

"ಎಣ್ಣೆ ಇಲ್ಲ ಕಣೇ," ಎಂದ, ಸಣ್ಣ ದನಿಯಲ್ಲಿ. "ಹೀಗೇ ಓಡಿಸಿದ್ರೆ ಇಂಜಿನ್ ಹೋಗಿಬಿಡತ್ತೆ."

ಆಂಬುಲೆನ್ಸ್ ಬರಲು ನಲವತ್ತು ನಿಮಿಷ ಹಿಡಿಯಿತು. ಇಂಜಿನ್ ಉಳಿಯಿತು.

*

ವ್ಯಾನಿನೊಳಗೆ ಸ್ಟ್ರೆಚರಿನ ಈ ಪಕ್ಕ ತಾಯಿ, ಮಗಳು. ಆ ಪಕ್ಕ ಅಕ್ಕ. ಉಳಿದವರು ಹಿಂದೆ ನಡೆದು ಬರುತ್ತಿದ್ದರು. ಎಲ್ಲರಿಗಿಂತ ಹಿಂದೆ, ಒಬ್ಬನೇ, ಮೆಕ್ಯಾನಿಕ್.

ಬೀದಿಯ ತುದಿ ಬಂತು.

"ನಿಲ್ಲಿಸಪ್ಪ," ಎಂದಳು ಹೆಂಡತಿ.

ಚಾಲಕ ಬ್ರೇಕ್ ಒತ್ತಿದ. "ಏನಮ್ಮಾ?"

"ಇಳೀಬೇಕು."

"ಅಮ್ಮಾ, ಇದು ಎತ್ತರದ ಗಾಡಿ," ಮಗಳು ಅವಳ ತೋಳು ಹಿಡಿದಳು. "ಇದಕ್ಕೆ ತಗಲಲ್ಲ, ಕೂತ್ಕೋ."

ಹೆಂಡತಿ ಅತ್ತಿಗೆಯ ಮುಖವನ್ನೇ ನೋಡುತ್ತ ಹೇಳಿದಳು: "ನಿನ್ನೆ ನಾನು ಇಳಿದಿರಲಿಲ್ಲ ಅತ್ತಿಗೆ. ಇಳಿ ಅಂದ್ರು. ಇಳೀಲಿಲ್ಲ. ಮೆಕ್ಯಾನಿಕ್ ಹಾಕಿದ ಸ್ಪ್ರಿಂಗ್ ಹೊಸದು."

ಅಕ್ಕ ತಿರುಗಿ, ಹಿಂದೆ ನಡೆದು ಬರುತ್ತಿದ್ದವನ ಕಡೆ ನೋಡಿದಳು. ಮಗಳ ಕೈ ತಾನಾಗಿ ಸಡಿಲವಾಯಿತು.

ಅವಳು ಅಭ್ಯಾಸದಂತೆ ಮೊದಲು ಎರಡೂ ಕಾಲು ಹೊರಗೆ ಹಾಕಿದಳು. ವ್ಯಾನ್ ಎತ್ತರವಾಗಿದ್ದರಿಂದ ನೆಲ ಸಿಗಲು ತಡವಾಯಿತು. ಹಿಂದೆ ಬರುತ್ತಿದ್ದವರು ನಿಂತರು. ಅವಳು ಯಾರನ್ನೂ ನೋಡದೆ ಹಂಪ್ ದಾಟಿ ಆಚೆ ಹೋಗಿ ತಿರುಗಿದಳು. ಮೊಣಕಾಲ ಮೇಲೆ ಒಂದು ಕೈ ಊರಿ, ಬಗ್ಗಿ, ವ್ಯಾನಿನ ಅಡಿಯನ್ನು ಕಣ್ಣು ಕಿರಿದಾಗಿಸಿ ನೋಡಿದಳು. ಅಲ್ಲಿ ಒಂದು ನಾಯಿ ನುಸುಳುವಷ್ಟು ಜಾಗವಿತ್ತು.

ಇನ್ನೊಂದು ಕೈಯೆತ್ತಿ, ಬನ್ನಿ, ಬನ್ನಿ ಎಂದು ಬೀಸಿದಳು.