ಮಹಡಿ ರೂಮಿನಲ್ಲಿ ಇರುವವರು ಯಾರು?

ಅಲ್ಲಾಳಸಂದ್ರದ ಹಳೇ ಊರಿನಲ್ಲಿ ಬಾಡಿಗೆಯವರನ್ನು ಬಿಡಿಸುವುದು ಹೊಸದೇನಲ್ಲ. ಮಗನ ಮದುವೆ ಎಂದು ಬಿಡಿಸುತ್ತಾರೆ, ಮೇಲೊಂದು ಅಂತಸ್ತು ಏರಿಸಬೇಕು ಎಂದು ಬಿಡಿಸುತ್ತಾರೆ, ಹೆಚ್ಚು ಬಾಡಿಗೆ ಕೊಡುವವರು ಸಿಕ್ಕಿದರೆ ಕಾರಣ ಹೇಳದೆಯೂ ಬಿಡಿಸುತ್ತಾರೆ. ಎರಡು ದಿನದ ಮಟ್ಟಿಗೆ ಬಿಟ್ಟುಹೋಗು, ಆಮೇಲೆ ವಾಪಸ್ ಬಾ ಎನ್ನುವುದನ್ನು ಮಾತ್ರ, ರೂಮು ಬಾಡಿಗೆಗೆ ಕೊಟ್ಟಿರುವ ದೊಡ್ಡಮುನಿಯಮ್ಮ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಹಾಗೆ ಹೇಳಿದವನು ಬೇರೆ ಯಾರೂ ಅಲ್ಲ, ಅವಳ ಹೊಟ್ಟೆಯಲ್ಲಿ ಹುಟ್ಟಿದ ವಾಸು.

ವಾಸು ಸಾಮಾನ್ಯನಲ್ಲ. ರಾಜ್ಯದ ಚುನಾವಣಾ ಕಚೇರಿಯಲ್ಲಿ ದೊಡ್ಡ ಅಧಿಕಾರಿ. ಮತದಾರರ ಪಟ್ಟಿಯಲ್ಲಿ ಯಾರ ಹೆಸರು ಇರಬೇಕು, ಯಾರದು ಹೋಗಬೇಕು ಎಂಬ ಸುತ್ತೋಲೆಗಳಿಗೆ ರುಜು ಹಾಕುವವನು. ಹೆಂಡತಿ ಮಗಳೊಂದಿಗೆ ಆರ್.ಟಿ. ನಗರದಲ್ಲಿ ಸಂಸಾರ ಹೂಡಿ ಎಷ್ಟೋ ಕಾಲವಾಯಿತು. ಅವನ ಓಟು ಮಾತ್ರ ಅಲ್ಲಾಳಸಂದ್ರದಲ್ಲಿ, ತಾಯಿಯ ಮನೆಯ ನಂಬರಿನಲ್ಲಿ. ಚುನಾವಣೆಯ ದಿನ ಬೂತಿನ ಬಾಗಿಲು ತೆರೆಯುವ ಹೊತ್ತಿಗೇ ಬಂದು, ಮೊದಲ ಓಟು ಹಾಕಿ, ತಾಯಿ ತಟ್ಟಿದ ರಾಗಿರೊಟ್ಟಿ ನಿಂತೇ ತಿಂದು, ಹೆಬ್ಬಾಳದ ಫ್ಲೈಓವರ್ ತುಂಬುವ ಮುಂಚೆ ಕಚೇರಿಗೆ ಓಡುತ್ತಿದ್ದ.

ಯಾರೋ ಹೈಕೋರ್ಟಿಗೆ ಹೋದರು. ‘ವಿಳಾಸದಲ್ಲಿ ವಾಸವಿಲ್ಲ’ ಎಂದು ಬಡವರ ಹೆಸರು ಕಿತ್ತುಹಾಕಿಸುವ ಅಧಿಕಾರಿ, ತಾನೇ ವಾಸವಿಲ್ಲದ ವಿಳಾಸದಲ್ಲಿ ಓಟು ಹಾಕುತ್ತಿದ್ದಾನೆ, ಇಂಥವನು ಆ ಕುರ್ಚಿಯಲ್ಲಿ ಕೂರಬಹುದೇ ಎಂಬುದು ಕೇಸು. ಸ್ಥಳಕ್ಕೇ ಹೋಗಿ ನೋಡಿ ವರದಿ ಕೊಡಿ ಎಂದು ಕೋರ್ಟು ಹೇಳಿತು. ಬುಧವಾರ ತಹಶೀಲ್ದಾರರು ಮಹಜರಿಗೆ ಬರುತ್ತಾರೆಂದು ಗೊತ್ತಾಯಿತು. ಮನೆಯನ್ನು ಕಣ್ಣಾರೆ ನೋಡಿ, ಇದ್ದವರನ್ನು ಕೇಳಿ, ಕಂಡದ್ದನ್ನು ಬರೆದು, ರುಜು ಹಾಕಿಸಿಕೊಂಡು ಹೋಗುತ್ತಾರೆ.

ಅದಕ್ಕೇ ವಾಸು ಸೋಮವಾರ ಬಂದ. ಹಿಂದೆ ಲಗೇಜ್ ಆಟೋದಲ್ಲಿ ಒಂದು ಮಂಚ, ಹ್ಯಾಂಗರಿಗೆ ಹಾಕಿದ ಷರ್ಟುಗಳು, ಶೇವಿಂಗ್ ಸೆಟ್ಟು. ಇವೆಲ್ಲ ಮಹಡಿ ರೂಮಿಗೆ ಹೋಗಬೇಕು. ಆ ರೂಮಿನಲ್ಲಿ ಬಾಡಿಗೆಗಿರುವ ಕುಲ್ಸುಮ್ ಎರಡು ದಿನ ಎಲ್ಲಾದರೂ ಹೋಗಬೇಕು.

“ನನ್ ಮಗ ಇಲ್ಲೇ ಇರ್ತಾನೆ ಅಂತ ಒಂದು ಮಾತು ಹೇಳಮ್ಮ, ಸಾಕು” ಎಂದ ವಾಸು. “ಇಲ್ಲಾಂದ್ರೆ ಕೆಲಸಾನೂ ಹೋಗುತ್ತೆ, ಮಾನಾನೂ ಹೋಗುತ್ತೆ.”

ದೊಡ್ಡಮುನಿಯಮ್ಮನಿಗೆ ಅದು ಸುಳ್ಳೆಂದೇ ಅನಿಸಲಿಲ್ಲ. ಅವನು ಹುಟ್ಟಿದ್ದು ಈ ನಡುಮನೆಯಲ್ಲಿ. ಅವನ ಮನೆದೇವರು ಇಲ್ಲಿ. ಏರ್‌ಪೋರ್ಟ್ ರಸ್ತೆ ಬಂದು ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾದ ಮೇಲೆ ಹಳೇ ಮನೆತನಗಳಿಗೆ ಊರಿನಲ್ಲಿ ಉಳಿದ ಗುರುತೇ ಓಟು. ಓಟು ತೆಗೆಸಿಕೊಂಡವನು ಊರು ಬಿಟ್ಟವನು ಎಂದೇ ಅವಳ ಗಂಡ ಮುನಿಯಲ್ಲಪ್ಪ ಸಾಯುವ ತನಕ ಹೇಳುತ್ತಿದ್ದ.

ಅವಳೇ ಮಹಡಿ ಹತ್ತಿ ಕುಲ್ಸುಮ್‌ಗೆ ವಿಷಯ ಹೇಳಿದಳು. ಕುಲ್ಸುಮ್ ಸೀರೆಗಳಿಗೆ ಫಾಲ್ಸು ಹಾಕಿ, ಜಿಗ್‌ಜಾಗ್ ಮಾಡಿಕೊಟ್ಟು ಬದುಕುವವಳು. ಗಂಡ ಸತ್ತ ಮೇಲೆ ಕೈಗೂಸು ಸುಮೈರಾಳನ್ನು ಎತ್ತಿಕೊಂಡು ಈ ರೂಮಿಗೆ ಬಂದವಳು. ಆ ಸುಮೈರಾ ಶಿಡ್ಲಘಟ್ಟಕ್ಕೆ ಮದುವೆಯಾಗಿ ಹೋಗಿ ಈಗ ತಾನೂ ತಾಯಿಯಾಗಿದ್ದಾಳೆ. ಅಷ್ಟೂ ಕಾಲ ಕುಲ್ಸುಮ್ ಇಲ್ಲಿಯೇ ಓಟು ಹಾಕಿದ್ದಳು. ಹೊಸ ಪಟ್ಟಿ ಬಂದಾಗ ಅವಳ ಹೆಸರು ಇರಲಿಲ್ಲ.

“ಆಯ್ತು ಅಜ್ಜಿ, ಹೋಗ್ತೀನಿ” ಎಂದಳು ಕುಲ್ಸುಮ್, ನೂಲು ಕಚ್ಚಿ ಹರಿಯುತ್ತ. “ಆದ್ರೆ ನಾನು ಈ ರೂಮಲ್ಲಿ ಇಲ್ಲ ಅಂತ ಸರ್ಕಾರದೋರೇ ಬರ್ಕೊಂಡವ್ರೆ. ಇಲ್ಲದೋಳನ್ನ ಹೆಂಗೆ ಖಾಲಿ ಮಾಡಿಸ್ತೀರಾ?”

ನಗುತ್ತಲೇ ಹೇಳಿದಳು. ಹೊಲಿಗೆ ಮಿಷನ್ನನ್ನು ಮೆಟ್ಟಿಲ ಕೆಳಗಿಟ್ಟು, ಅದರ ಮೇಲೊಂದು ಹಳೇ ಸೀರೆ ಹೊದಿಸಿ, ಚೀಲ ಹಿಡಿದು ಬಸ್ ಸ್ಟಾಪಿನ ಕಡೆ ನಡೆದಳು. 

ಮಾರನೆಯ ದಿನ ದೊಡ್ಡಮುನಿಯಮ್ಮ ಎದುರು ಮನೆಗೆ ಹೋದಳು. ಅಲ್ಲಿ ಮಾಲಾ ಇದ್ದಾರೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು, ಮಹಿಳಾ ಸಂಘದವರಿಗೆ ಪೇಪರು ಓದಿ ಹೇಳುವವರು. ಮುಚ್ಚಿಡದೆ ಎಲ್ಲವನ್ನೂ ಅವರಿಗೆ ಹೇಳಿದಳು.

“ಅವ್ನ ಊರು ಇದೇ ಅಲ್ವಾ ಟೀಚರಮ್ಮ? ನಾನ್ ಅಂಗಂದ್ರೆ ತಪ್ಪೇನೈತೆ?”

“ಊರು ಇದೇ. ಇಲ್ಲ ಅಂದೋರು ಯಾರು? ಆದ್ರೆ ಕಾನೂನು ನಿಮ್ಮೂರು ಯಾವುದು ಅಂತ ಕೇಳೋದಿಲ್ಲ ಮುನಿಯಮ್ಮನವ್ರೇ. ದಿನಾ ಮಲಗಿ ಏಳೋದು ಎಲ್ಲಿ ಅಂತ ಕೇಳುತ್ತೆ.”

ಮಾಲಾ ಬಿಡಿಸಿ ಹೇಳಿದರು. ಮನೆ ನಮ್ಮದು, ಖಾತೆ ನಮ್ಮ ಹೆಸರಲ್ಲಿದೆ ಎಂದ ಮಾತ್ರಕ್ಕೆ ಅಲ್ಲಿ ಓಟು ಸಿಗುವುದಿಲ್ಲ. ವಾಸ ಬದಲಾದರೆ ಫಾರಂ 8 ತುಂಬಿ ಹೆಸರನ್ನು ಹೊಸ ಜಾಗಕ್ಕೆ ವರ್ಗ ಮಾಡಿಸಿಕೊಳ್ಳಬೇಕು. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಇಲ್ಲೇ ಇದ್ದೇನೆ ಎಂದು ಗೊತ್ತಿದ್ದೂ ಸುಳ್ಳು ಬರೆದುಕೊಟ್ಟರೆ ಜೈಲೂ ಆಗಬಹುದು, ದಂಡವೂ ಬೀಳಬಹುದು. ಇನ್ನು ನಾಲ್ಕು ದಿನ ಬೇರೆ ಊರಿಗೆ ಹೋಗಿಬಂದ ಮಾತ್ರಕ್ಕೆ ಇದ್ದ ಓಟು ಹೋಗುವುದಿಲ್ಲ, ಹೋಗಲೂಬಾರದು.

“ಅಂಗಾದ್ರೆ ಕುಲ್ಸುಮ್ಮಂದು ಯಾಕೋಯ್ತು? ಅವ್ಳು ದಿನಾ ಇಲ್ಲೇ ಮಲ್ಗಿ ಏಳ್ತಾಳಲ್ಲ.”

“ಓಟಿನ ಪಟ್ಟಿಯವರು ಮನೆ ಹತ್ರ ಬಂದಾಗ ಬಾಗಿಲಲ್ಲಿ ಯಾರಿದ್ರಿ?” ಎಂದು ಮಾಲಾ ಕೇಳಿದರು.

ದೊಡ್ಡಮುನಿಯಮ್ಮನೇ ಇದ್ದಳು. ಆಗ ಸುಮೈರಾಳ ಹೆರಿಗೆ. ಮಹಡಿ ರೂಮು ಕಿಷ್ಕಿಂಧೆ ಎಂದು ಕುಲ್ಸುಮ್ಮೇ ಬಾಣಂತನಕ್ಕೆ ಶಿಡ್ಲಘಟ್ಟಕ್ಕೆ ಹೋಗಿದ್ದಳು. ಮೇಲಿನ ಮನೆಯವರೆಲ್ಲಿ ಎಂದು ಬಂದವರು ಕೇಳಿದ್ದರು.

“ಊರಿಗೋಗವ್ಳೆ ಅಂದೆ” ಎಂದಳು ದೊಡ್ಡಮುನಿಯಮ್ಮ. ದನಿ ತಗ್ಗಿತ್ತು.

“ಅವರು ಸ್ಥಳಾಂತರ ಅಂತ ಬರ್ಕೊಂಡ್ರು. ಹೆಸರು ತೆಗೆಯೋ ಮುಂಚೆ ನೋಟೀಸ್ ಕೊಟ್ಟು ಅವಳನ್ನ ಕೇಳಬೇಕಿತ್ತು. ಕೇಳೋರು ಯಾರು?”

 ಊರು ಎಂಬ ಒಂದು ಮಾತಿನಿಂದ ಇರುವವಳು ಅಳಿಸಿಹೋಗಿದ್ದಳು, ಅದೇ ಮಾತಿನಿಂದ ಇಲ್ಲದವನು ಉಳಿದುಕೊಂಡಿದ್ದ. ಆಡಿದ್ದು ಒಂದೇ ಬಾಯಿ. ಸಾಹೇಬರ ಊರಿಗೆ ಒಂದು ಬೆಲೆ, ಫಾಲ್ಸು ಹಾಕುವವಳ ಊರಿಗೆ ಇನ್ನೊಂದು ಬೆಲೆ. ಇದು ಬಾಯಿತಪ್ಪಿ ಆದದ್ದಲ್ಲ. ಬಡವರ ಬಾಗಿಲಲ್ಲಿ ಎರಡನೇ ಪ್ರಶ್ನೆ ಕೇಳುವ ತಾಳ್ಮೆ ಈ ನಾಡಿನ ಯಾವ ಕಚೇರಿಗೂ ಇಲ್ಲದ್ದರಿಂದ ಆದದ್ದು.

ಬುಧವಾರ ತಹಶೀಲ್ದಾರರು ಬಂದರು. ವಾಸು ಅಂಗಳದಲ್ಲಿ ನಿಂತಿದ್ದ. ರೂಮು ನೋಡಿದರು, ಮಂಚ ನೋಡಿದರು, ಷರ್ಟುಗಳನ್ನು ನೋಡಿದರು. ಆಮೇಲೆ ಕೆಳಗಿಳಿದು ಬಂದು, ನಿಮ್ಮ ಮಗ ಇಲ್ಲೇ ವಾಸವಾಗಿದ್ದಾರಾ ಎಂದು ತಾಯಿಯನ್ನು ಕೇಳಿದರು. ವಾಸು ತಾಯಿಯ ಮುಖವನ್ನೇ ನೋಡುತ್ತಿದ್ದ. ಜ್ವರ ಬಂದಾಗ ಚಿಕ್ಕಂದಿನಲ್ಲಿ ಹಾಗೆ ನೋಡುತ್ತಿದ್ದ.

“ಅವ್ನ ಊರು ಇದೇ ಸ್ವಾಮಿ” ಎಂದಳು ದೊಡ್ಡಮುನಿಯಮ್ಮ. “ವಾಸ ಇಲ್ಲಿಲ್ಲ. ಆ ರೂಮಲ್ಲಿ ಇರೋಳು ಕುಲ್ಸುಮ್ಮು. ನಾವೇ ಎಬ್ಬಿಸಿ ಕಳ್ಸಿದೀವಿ. ಇದ್ನೂ ಬರ್ಕೊಳ್ಳಿ.”

ಹೆಬ್ಬೆಟ್ಟು ಒತ್ತಿದಳು. ಸೆರಗಿಗೆ ಒರೆಸಿಕೊಂಡರೂ ಶಾಯಿ ಹೋಗಲಿಲ್ಲ.

ವಾಸು ಬೈಯಲಿಲ್ಲ. ಕಾರು ಹತ್ತುವ ಮುಂಚೆ, ತನ್ನ ಹಾಗೆ ಊರಲ್ಲಿ ಓಟಿಟ್ಟುಕೊಂಡ ಸಾಹೇಬರು ಎಷ್ಟಿಲ್ಲ, ಸಿಕ್ಕಿಬಿದ್ದವನು ತಾನೊಬ್ಬನೇ ಎಂದ. ಅದು ನಿಜವೇ ಆಗಿತ್ತು. 

ಅವಳು ಸತ್ಯ ಹೇಳಿದ್ದರಿಂದ ಲೋಕ ಬದಲಾಯಿತೆಂದು ತಿಳಿಯಬೇಡಿ. ವಾಸುವನ್ನು ಬೇರೆ ಇಲಾಖೆಗೆ ಹಾಕಿದರು. ಕೇಸು ವಾಯಿದೆಯ ಮೇಲೆ ವಾಯಿದೆ ತಿನ್ನುತ್ತ ಹೋಯಿತು. ಅವನ ಮಗಳು ಹರ್ಷಿತಾ ಫೋನ್ ಮಾಡಿ, ಅಪ್ಪ ಕೊನೆಗೂ ಫಾರಂ 8 ತುಂಬಿದರು, ತಾನೂ ಆರ್.ಟಿ. ನಗರದಲ್ಲೇ ಹೆಸರು ಹಾಕಿಸಿದೆ ಎಂದು ಅಜ್ಜಿಗೆ ತಿಳಿಸಿದಳು. ವಾಸು ಮಾತ್ರ ಫೋನಿಗೆ ಬರಲಿಲ್ಲ. ಹೆತ್ತ ಮಗನ ಅನ್ನಕ್ಕೆ ಕಲ್ಲು ಹಾಕಿದವಳು ಎಂದು ಬೀದಿಯವರು ಕಿವಿಗೆ ಬೀಳುವಂತೆಯೇ ಆಡಿಕೊಂಡರು.

ಕುಲ್ಸುಮ್ ವಾಪಸ್ ಬಂದಳು. ಮಾಲಾ ಅವಳ ಕೈಯಲ್ಲಿ ಫಾರಂ 6 ಹಾಕಿಸಿದರು. ಬಾಡಿಗೆ ಕರಾರು ಇರಲಿಲ್ಲ. ಕಾಗದ ಇಲ್ಲದಿದ್ದರೆ ಮನೆಗೇ ಬಂದು ವಿಚಾರಿಸಿ ನೋಡಿ ಎಂದು ಮಾಲಾ ಕಚೇರಿಯಲ್ಲಿ ಜಗಳವಾಡಿ ಒಪ್ಪಿಸಿದರು. ಅವಳ ಅರ್ಜಿ, ವಾಸುವಿನ ಅರ್ಜಿ ಎರಡೂ ಇತ್ಯರ್ಥವಾಗುವಷ್ಟರಲ್ಲಿ ಚುನಾವಣೆ ಘೋಷಣೆಯಾಗಿ, ನಾಮಪತ್ರ ಹಾಕುವ ಕೊನೆಯ ದಿನವೂ ಕಳೆದಿತ್ತು. ಅದು ಕಳೆದ ಮೇಲೆ ಆ ಚುನಾವಣೆಯ ಪಟ್ಟಿಗೆ ಯಾರ ಹೆಸರೂ ಸೇರುವುದಿಲ್ಲ, ಇದ್ದ ಹೆಸರು ಹೋಗುವುದೂ ಇಲ್ಲ.

ಓಟಿನ ದಿನ ಇಬ್ಬರೂ ಸ್ಕೂಲಿನ ಬೂತಿಗೆ ಹೋದರು. ಕಾರ್ಡು ಇದೆಯಲ್ಲ ಎಂದು ಕುಲ್ಸುಮ್ ತೋರಿಸಿದಳು. ಕಾರ್ಡು ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಬೇಕು ಎಂದು ಅಲ್ಲಿದ್ದವರು ಮೆತ್ತಗೇ ಹೇಳಿದರು. ಅವಳು ಕಾರ್ಡನ್ನು ಬುರ್ಖಾದ ಒಳಗಿಟ್ಟುಕೊಂಡು ಸಾಲಿನಿಂದ ಹೊರಬಂದಳು. ಮುಂದೆ ಹೋದ ದೊಡ್ಡಮುನಿಯಮ್ಮನ ಹೆಸರಿಗೆ ಗೆರೆ ಎಳೆಯುತ್ತ ಪಕ್ಷದ ಏಜೆಂಟು, “ಅಜ್ಜಿ, ನಿಮ್ಮನೆ ನಂಬರಲ್ಲಿ ವಾಸು ಸಾಹೇಬ್ರದ್ದು ಇನ್ನೂ ಇದೆ. ಬರ್ತಾರಾ?” ಎಂದು ಕೇಳಿದ.

ಅವಳು ಓಟು ಹಾಕಿ ಹೊರಗೆ ಬಂದು, ಕಾಂಪೌಂಡಿನ ಕಲ್ಲಿನ ಮೇಲೆ ಕುಲ್ಸುಮ್ ಪಕ್ಕದಲ್ಲಿ ಕೂತಳು. “ನನ್ ಬಾಯಿಂದಾನೇ ಓಯ್ತಲ್ಲೇ ನಿನ್ದು” ಎಂದಳು.  ಪರವಾಗಿಲ್ಲ ಎನ್ನುವುದಕ್ಕೆ ಕುಲ್ಸುಮ್‌ಗೂ ಬಾಯಿ ಬರಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಎಲ್ಲಿ ಮಲಗಿ ಏಳುತ್ತೀರೋ ಅಲ್ಲಿ ನಿಮ್ಮ ಹೆಸರು ಇದೆಯೇ, ಇವತ್ತೇ ನೋಡಿ. 1950ಕ್ಕೆ ಫೋನ್ ಮಾಡಿ ಕೇಳಿ. ಮನೆ ಬದಲಿಸಿದ್ದರೆ ಫಾರಂ 8, ಹೆಸರೇ ಹೋಗಿದ್ದರೆ ಫಾರಂ 6. ಪಟ್ಟಿಯವರು ಬಂದು ಪಕ್ಕದ ಮನೆಯವರನ್ನು ಕೇಳಿದರೆ ‘ಊರಿಗೆ ಹೋಗಿದ್ದಾರೆ’ ಎಂದಷ್ಟೇ ಹೇಳಿ ಬಾಗಿಲು ಹಾಕಬೇಡಿ. ‘ಇಲ್ಲೇ ಇರುವವರು, ಇಂಥ ದಿನ ಬರುತ್ತಾರೆ’ ಎಂದು ಹೇಳಿ, ಹಾಗೆಯೇ ಬರೆಸಿ. ನಿಮ್ಮ ಮನೆಯ ಬಾಡಿಗೆಯವರ ಹೆಸರನ್ನೂ ನಿಮ್ಮದರ ಜೊತೆಗೇ ಹುಡುಕಿ. ದೊಡ್ಡವರು ಮೊದಲು ಸರಿಹೋಗಲಿ ಎಂದು ಕಾಯುತ್ತ ಕೂರಬೇಡಿ, ಅವರು ಸರಿಹೋಗುವುದರೊಳಗೆ ನಾಮಪತ್ರದ ಕೊನೆಯ ದಿನ ಕಳೆದಿರುತ್ತದೆ.