ಇಪ್ಪತ್ತಮೂರನೆಯ ಮರದ ಮೊಳೆ

ಅಕ್ಕೂರಿನ ನಮ್ಮ ರಸ್ತೆಯನ್ನು ಅಗಲ ಮಾಡುವ ಮುಂಚೆ ಅದರ ಎರಡೂ ಬದಿಯ ಮರಗಳ ಆರೋಗ್ಯ ನೋಡಲು ರಾಮನಗರದಿಂದ ಹಿನಾ ಮೇಡಂ ಬಂದರು. ಟೇಪು ಹಿಡಿಯಲು, ಬಣ್ಣ ಬಳಿಯಲು ಅವರಿಗೊಬ್ಬರು ಬೇಕಿತ್ತು. ಗುತ್ತಿಗೆದಾರರ ಕಡೆಯ ದೇವರಾಜಣ್ಣ ನನ್ನನ್ನು ಕರೆದುಕೊಂಡು ಹೋದ. ‘ಈ ಪುಟ್ಟಿ ಮಾತಾಡಕಿಲ್ಲ ಮೇಡಂ, ಕೆಲ್ಸ ಮಾತ್ರ ಮಾಡ್ತದೆ’ ಎಂದ. ಅದು ಹೊಗಳಿಕೆಯೋ ಏನೋ.

ಮೇಡಂ ಮರದ ಸುತ್ತ ನಡೆದು, ತೊಗಟೆ ಕೆರೆದು ನೋಡಿ, ಕೊಡತಿಯಿಂದ ಕಾಂಡವನ್ನು ಬಡಿಯುತ್ತಿದ್ದರು. ಗಟ್ಟಿ ಮರದ ಸದ್ದು ಅಲ್ಲೇ ನಿಂತುಬಿಡುತ್ತದೆ. ಒಳಗೆ ಕೊಳೆತಿದ್ದರೆ ಖಾಲಿ ಗುಡಾಣದ ಹಾಗೆ ಕೇಳುತ್ತದೆ. ಉಳಿಯುವ ಮರಕ್ಕೆ ಬಿಳಿ ಪಟ್ಟಿ, ಕಡಿಯುವ ಮರಕ್ಕೆ ಕೆಂಪು. ಕೊಡತಿ ಬಿದ್ದ ಕೂಡಲೇ ನಾನು ಸರಿಯಾದ ಡಬ್ಬಿಗೆ ಕೈ ಹಾಕುವುದನ್ನು ಮೊದಲ ದಿನವೇ ಅವರು ಗಮನಿಸಿದರು.

‘ನಿನ್ನ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ ಪುಟ್ಟಿ. ಇನ್ಮೇಲೆ ನೀನೇ ಹೇಳು.’

ನಾನು ಹೇಳಲಿಲ್ಲ. ಡಬ್ಬಿ ತೋರಿಸಿದೆ.

ಮಾರನೆಯ ದಿನದ ಸರದಿ ಇಪ್ಪತ್ತಮೂರನೆಯ ಮರದ್ದು, ಬಸ್ ನಿಲ್ಲುವ ಜಾಗದ ಹುಣಸೆಮರ. ಆ ಬೆಳಿಗ್ಗೆ ಅವ್ವ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಾ ತಲೆ ಎತ್ತದೆ ಹೇಳಿದಳು.

‘ಅದುಕ್ಕೆ ಬಿಳೀದು ಬಳದ್ಬುಡು, ಮಗ.’

‘ಮೇಡಂ ನೋಡಿ ಹೇಳ್ತಾರೆ ಕಣವ್ವ.’

‘ಅವ್ರು ಏನಾರ ಹೇಳ್ಲಿ. ಆ ಮರ ಕಡುದ್ರೆ ಅವ್ಳು ಎಲ್ಲಿಗೆ ಹೋಯ್ತಾಳೆ? ನಿನ್ ತಾವ್ಕೇ ಬತ್ತಾಳೆ.’

ಅವಳು ಎಂದರೆ ಬೈರಮ್ಮ. ನಾನು ಹುಟ್ಟುವ ಮುಂಚೆ, ಆ ಮರದಡಿ ಹಣ್ಣು ಆಯುವಾಗ ಕೊಂಬೆ ಮುರಿದು ಬಿದ್ದು ಸತ್ತವಳು. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಬಸ್ಸಿಗೆ ಕಾಯುತ್ತಾ ನಿಂತಿದ್ದ ನಾನು ಇದ್ದಕ್ಕಿದ್ದಂತೆ ದಪ್ಪ ದನಿಯಲ್ಲಿ ಕೂಗಿದೆನಂತೆ: ‘ಎದ್ದೇಳ್ರವ್ವ ಅಲ್ಲಿಂದ. ಮರ ಒಳುಗೆ ಟೊಳ್ಳಾಗೈತೆ.’ ನನಗೆ ನೆನಪಿಲ್ಲ. ಮೂರು ದಿನ ಅದನ್ನೇ ಹೇಳಿದೆನಂತೆ. ಅದು ಬೈರಮ್ಮನ ದನಿಯೇ ಎಂದು ಹಳಬರು ಗುರುತು ಹಿಡಿದರಂತೆ. ಪೂಜಾರಿ ಮರಿಯಪ್ಪ ನನ್ನನ್ನು ಮರಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಕೂದಲು ಒಂದಿಷ್ಟು ಕತ್ತರಿಸಿ ಮೊಳೆಗೆ ಸುತ್ತಿ, ಬೈರಮ್ಮನನ್ನು ಮರದಲ್ಲೇ ಕಟ್ಟಿಹಾಕಲೆಂದು ನನ್ನ ತಲೆಗಿಂತ ತುಸು ಮೇಲೆ ಕಾಂಡಕ್ಕೆ ಹೊಡೆದ. ಒಂದೊಂದು ಏಟೂ ನನ್ನ ಹಲ್ಲಿನಲ್ಲಿ ಕೇಳಿಸಿತು. ಅದು ಮಾತ್ರ ನೆನಪಿದೆ.

ಆಮೇಲೆ ಬೈರಮ್ಮ ಬರಲಿಲ್ಲ. ನನ್ನನ್ನು ಮತ್ತೆ ಸ್ಕೂಲಿಗೆ ಕಳಿಸಲಿಲ್ಲ. ಗಟ್ಟಿಯಾಗಿ ಮಾತಾಡುವುದು ನನ್ನಿಂದಲೂ ಆಗಲಿಲ್ಲ.

ನಾವು ಅಲ್ಲಿಗೆ ಹೋದಾಗ ಸ್ಕೂಲ್ ಮಕ್ಕಳು ನೆರಳಿನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಎದುರು ಬದಿಯಲ್ಲಿ ಅವ್ವ ಸೊಪ್ಪಿನ ಹೊರೆ ಇಳಿಸಿಕೊಂಡು ನಿಂತಿದ್ದಳು.

ಮೊಳೆ ಈಗ ನನ್ನ ಹುಬ್ಬಿನ ಮಟ್ಟದಲ್ಲಿತ್ತು. ಅದು ಇಳಿದಿರಲಿಲ್ಲ, ನಾನು ಬೆಳೆದಿದ್ದೆ. ತೊಗಟೆ ಅದರ ತಲೆಯನ್ನು ಅರ್ಧ ನುಂಗಿತ್ತು. ಕೆಳಗೆ ಕೂದಲು ಜೋತುಬಿದ್ದಿತ್ತು. ಮರಿಯಪ್ಪ ಸುತ್ತಿದ್ದು ಬೆರಳುದ್ದ. ಇದು ಮೊಳದುದ್ದ ಇತ್ತು.

‘ಬೂಷ್ಟು ಇದು’ ಎಂದರು ಮೇಡಂ. ‘ಒಂದೊಂದು ಜಾತಿ ಕೂದಲಿನ ಹಾಗೇ ಬೆಳೆಯುತ್ತೆ. ಮುಟ್ಟಬೇಡ.’

‘ಎಣ್ಣೆ ಹಾಕಿ ಜಡೆ ಹೆಣೆಯದು ಒಂದು ಬಾಕಿ’ ಎಂದ ದೇವರಾಜಣ್ಣ.

ಮೇಡಂ ಬುಡದಲ್ಲಿ ಬಡಿದರು. ಗಟ್ಟಿ. ಸೊಂಟದ ಮಟ್ಟಕ್ಕೆ ಬಡಿದರು. ಅಲ್ಲೂ ಗಟ್ಟಿ. ಮೊಳೆಯ ಪಕ್ಕ ಎರಡು ಸಲ ಬಡಿದು ತಲೆ ಓರೆ ಮಾಡಿದರು.

‘ಇಲ್ಲಿ ಸರಿಯಾಗಿ ಗೊತ್ತಾಗ್ತಿಲ್ಲ. ಎಲೆ ಹಸಿರಾಗಿದೆ, ಬುಡ ಚೆನ್ನಾಗಿದೆ. ಉಳಿಸಬಹುದೇನೋ. ನಿನಗೇನು ಕೇಳಿಸ್ತು ಪುಟ್ಟಿ?’

ನನಗೆ ಕೇಳಿಸಿತ್ತು. ಕಿವಿಯಲ್ಲಲ್ಲ, ಹಲ್ಲಿನಲ್ಲಿ. ಮೊಳೆಯಿಂದ ಮೇಲೆ, ರಸ್ತೆಯ ಕಡೆ ಚಾಚಿದ್ದ ದೊಡ್ಡ ಕೊಂಬೆಯ ತನಕ ಒಳಗೆ ಏನೂ ಇರಲಿಲ್ಲ. ಆ ಕೊಂಬೆಯ ಕೆಳಗೆ ಒಬ್ಬ ಹುಡುಗಿ ಬ್ಯಾಗಿನ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು.

ಅವ್ವ ನನ್ನನ್ನೇ ನೋಡುತ್ತಿದ್ದಳು. ಡಬ್ಬಿ ತೋರಿಸಿದ್ದರೆ ಸಾಕಿತ್ತು, ಮೇಡಂ ನಂಬುತ್ತಿದ್ದರು. ನನ್ನ ಕೈ ಬಿಳಿ ಡಬ್ಬಿಯ ತನಕ ಹೋಯಿತು.

‘ಎದ್ದೇಳ್ರವ್ವ ಅಲ್ಲಿಂದ. ಮರ ಒಳುಗೆ ಟೊಳ್ಳಾಗೈತೆ.’

ಮಕ್ಕಳು ಚದುರಿದರು. ದೇವರಾಜಣ್ಣ ಹಿಂದೆ ತಿರುಗಿ ‘ಯಾರದು?’ ಎಂದ. ಅದು ನನ್ನ ಬಾಯಿಂದ ಬಂತೆಂದು ಅವನಿಗೆ ತಿಳಿಯಲಿಲ್ಲ.

ಮೇಡಂ ನನ್ನ ಮುಖ ನೋಡಿದರು. ಚೀಲದಿಂದ ಸಣ್ಣ ಬೈರಿಗೆ ತೆಗೆದು ಮೊಳೆಯ ಮೇಲ್ಗಡೆ ಇಟ್ಟು ತಿರುಗಿಸಿದರು. ಎರಡು ಬೆರಳಿನಷ್ಟು ಕಷ್ಟಪಟ್ಟು ಹೋದದ್ದು ಆಮೇಲೆ ಸರಕ್ಕನೆ ಹಿಡಿಯ ತನಕ ಇಳಿಯಿತು. ಹೊರಗೆಳೆದಾಗ ತೂತಿನಿಂದ ಕಪ್ಪು ಪುಡಿ ಸುರಿಯಿತು.

‘ಕೆಂಪು’ ಎಂದರು.

ನಾನು ಬಳಿಯತೊಡಗಿದೆ. ಪಟ್ಟಿ ಮೊಳೆಯ ಮೇಲೇ ಹಾದುಹೋಯಿತು. ಅವ್ವ ರಸ್ತೆ ದಾಟಿ ಬಂದು ನಾಲ್ಕು ಮಾರು ದೂರದಲ್ಲೇ ನಿಂತಳು.

‘ಅದು ನಾನೇ ಕಣವ್ವ’ ಎಂದೆ. ಆ ದಪ್ಪ ದನಿ ಇನ್ನೂ ಹೋಗಿರಲಿಲ್ಲ.

ಅವ್ವ ಸೊಪ್ಪಿನ ಹೊರೆಯನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು.

‘ಬೈರಕ್ಕ’ ಎಂದಳು, ಮೆಲ್ಲಗೆ. ‘ನನ್ ಮಗಳ್ನ ಬುಟ್ಬುಡು.’

ಏನು ಹೇಳಿದರೂ ಅದೇ ದನಿಯಲ್ಲಿ ಬರುತ್ತಿತ್ತು. ಬ್ರಷ್ಷನ್ನು ಡಬ್ಬಿಗೆ ಅದ್ದಿದೆ. ಪಟ್ಟಿ ಇನ್ನೂ ಅರ್ಧ ಸುತ್ತು ಉಳಿದಿತ್ತು.